ಚಿಕ್ಕಮುನಿಯಪ್ಪನ ಕೈಗೆ ಹೊಣೆ

“ಬಲೇಲಿ ಬಿದ್ದಿರೋ ಜೀವಕ್ಕೆ ಎಷ್ಟು ಗುಂಡು ಬೇಕಾಯ್ತದೆ?”

ಭಾವ ಕೇಳಿದ್ದು ಯಾರನ್ನೂ ಅಲ್ಲ. ಹಿತ್ತಲ ಹುಣಸೆಮರಕ್ಕೆ ಬಲೆಯ ಒಂದು ತುದಿ ಕಟ್ಟಿ, ಇನ್ನೊಂದು ತುದಿಯನ್ನು ಕಾಲ್ಬೆರಳಲ್ಲಿ ಅದುಮಿ ಹಿಡಿದು, ಹರಿದ ಕಣ್ಣುಗಳಿಗೆ ಗಂಟು ಹಾಕುತ್ತ ಕುಳಿತಿದ್ದರು. ಎಡಗೈಯಲ್ಲಿ ಉಳಿದಿದ್ದ ಹೆಬ್ಬೆರಳು, ಕಿರುಬೆರಳು ದಾರ ಹಿಡಿಯುವುದಕ್ಕೆ ಸಾಕಾಗುತ್ತಿದ್ದವು, ಬಿಗಿಯುವುದಕ್ಕೆ ಸಾಲುತ್ತಿರಲಿಲ್ಲ. ಬಿಗಿಯುವಾಗ ಹಲ್ಲು ಕೊಡುತ್ತಿದ್ದರು. ಅವರ ಮಾತು ಒಳಗೆ ರಾಗಿ ಕೇರುತ್ತಿದ್ದ ನನ್ನಕ್ಕ ಪಾಪಮ್ಮನಿಗೂ ಕೇಳಿಸಿತು, ಹಿತ್ತಲ ಮೆಟ್ಟಿಲ ಮೇಲಿದ್ದ ನನಗೂ ಕೇಳಿಸಿತು. ಒಂದೇ ಒಂದು ಅನ್ನುವುದು ಮೂವರಿಗೂ ಗೊತ್ತಿತ್ತು.

ನಮ್ಮ ಗಿಡ್ಡಪ್ಪನಪಾಳ್ಯದಲ್ಲಿ ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಬಲೆ ಬೇಟೆ. ಅರಣ್ಯ ಇಲಾಖೆಯವರು ವರ್ಷಕ್ಕೊಂದು ಕೊಂಬಿನ ಜಿಂಕೆಗೆ ಪರವಾನಗಿ ಕೊಡುತ್ತಿದ್ದರು. ಊರ ಗಂಡಸರು ಕೆಂಗೇರಿ ದಾಟಿ, ಕುರುಚಲು ಕಾಡಿನಲ್ಲಿ ಹಳ್ಳಕ್ಕೆ ಅಡ್ಡವಾಗಿ ಬಲೆ ಕಟ್ಟಿ, ಮೇಲಿನಿಂದ ತಮಟೆ ಬಡಿದುಕೊಂಡು ಪ್ರಾಣಿಗಳನ್ನು ಬಲೆಯ ಕಡೆಗೆ ಸೋವುತ್ತ ಬರುತ್ತಿದ್ದರು. ಹೆಣ್ಣೋ ಮರಿಯೋ ಬಿದ್ದರೆ ಬಿಡಿಸಿ ಓಡಿಸುವುದು. ಕೊಂಬಿನದು ಬಿದ್ದರೆ ಬೇಟೆ ಯಜಮಾನ ಒಬ್ಬನೇ ಮುಂದೆ ಹೋಗಿ, ಎರಡು ಮಾರು ದೂರದಲ್ಲಿ ನಿಂತು, ಒಂದೇ ಏಟಿಗೆ ಮುಗಿಸಬೇಕು. ಓಡುವ ಪ್ರಾಣಿಗೆ ಎಷ್ಟು ಏಟು ಬೇಕಾದರೂ ಹಾಕು, ಕಟ್ಟಿಬಿದ್ದ ಪ್ರಾಣಿಗೆ ಒಂದೇ, ಅನ್ನುವುದು ಹಿರಿಯರು ಹೇಳಿಕೊಂಡು ಬಂದ ಮಾತು. ಮೂರು ತಲೆಮಾರಿನಿಂದ ಆ ಯಜಮಾನಿಕೆ ನಮ್ಮ ಭಾವ ಚಿಕ್ಕಮುನಿಯಪ್ಪನವರ ಮನೆಯದು.

ಹೊರಡುವ ಮುಂಚೆ ಮುನೇಶ್ವರನ ಕಲ್ಲಿನ ಎದುರು ಯಜಮಾನ ಬಲಗೈ ಚಾಚುತ್ತಾನೆ. ಪೂಜಾರಿ ಅದಕ್ಕೆ ಅರಿಶಿನ ಬಳಿದು, ಈ ಕೈಗೆ ಹೊಣೆ ಯಾರು ಎಂದು ಕೇಳುತ್ತಾನೆ. ಆಗ ಯಜಮಾನನ ಹೆಂಡತಿಯ ತವರಿನ ಗಂಡಸೊಬ್ಬ ಮುಂದೆ ಬಂದು, ಆ ಅಂಗೈ ಕೆಳಗೆ ತನ್ನ ಅಂಗೈ ಕೊಟ್ಟು, ನಾನು ಹೊಣೆ, ಈ ಕೈ ಜೀವವನ್ನು ನರಳಿಸುವುದಿಲ್ಲ ಎಂದು ಹೇಳಬೇಕು. ದಾಯಾದಿಗಳು ಹೇಳುವಂತಿಲ್ಲ. ಅವರಿಗೆ ಯಜಮಾನಿಕೆಯ ಮೇಲೆ ಕಣ್ಣಿರುತ್ತದೆ. ಹೊಣೆ ಇಲ್ಲದ ಕೈಗೆ ಬಲೆ ಬಿಚ್ಚುವಂತಿಲ್ಲ. ಹೊಣೆ ನಿಂತ ಮೇಲೆ ಪ್ರಾಣಿ ನರಳಿತೋ, ನಿಂತವನು ಮುಂದಿನ ಯುಗಾದಿಯವರೆಗೆ ರಾಮಮಂದಿರದ ಹೊಸ್ತಿಲು ದಾಟುವಂತಿಲ್ಲ.

ಅಕ್ಕನ ತವರಿನಲ್ಲಿ ಉಳಿದಿರುವ ಗಂಡಸು ನಾನೊಬ್ಬನೇ.

ಮೂರೂವರೆ ವರ್ಷದ ಹಿಂದೆ, ಹಂದಿ ಓಡಿಸಲು ಹೋಗಿದ್ದಾಗ, ತುಂಬಿದ ಮದ್ದು ಹೆಚ್ಚಾಗಿ ಕೇಪಿನ ಕೋವಿ ಸಿಡಿದು ಭಾವನ ಎಡಗೈಯ ಮೂರು ಬೆರಳು ಹೋದವು. ಮಣಿಕಟ್ಟು ಮಡಚದಂತೆ ಸೆಟೆದುಕೊಂಡಿತು. ಅದಾದ ಎರಡು ಯುಗಾದಿಗಳಲ್ಲಿ ಬಲೆಗೆ ಬಿದ್ದದ್ದು ಹೆಣ್ಣುಗಳೇ. ದೇವರು ಕಾಪಾಡಿದ ಅಂದುಕೊಂಡೆವು. ಹೋದ ವರ್ಷ ಕೊಂಬಿನದು ಬಿತ್ತು. ಉದ್ದ ಕೋವಿಯನ್ನು ಒಂದೇ ಕೈಯಲ್ಲಿ ಎತ್ತಲಾಗದೆ ಭಾವ ಈಟಿ ತೆಗೆದುಕೊಂಡಿದ್ದರು. ಮೊದಲ ಇರಿತ ಭುಜದ ಮೂಳೆಗೆ ತಗುಲಿ ಜಾರಿತು. ಎರಡನೆಯದು ಹೊಟ್ಟೆಗೆ. ಮೂರನೆಯದು ಎಲ್ಲಿಗೋ. ಜಿಂಕೆಗೆ ಅಂಥ ದನಿಯಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ದಾಯಾದಿ ಗಂಗಹನುಮಯ್ಯ ನುಗ್ಗಿ ಬಂದು ಕುತ್ತಿಗೆ ಕೊಯ್ದ ಮೇಲೆ ಅದು ನಿಂತಿತು. ಭಾವ ಈಟಿ ಹಿಡಿದುಕೊಂಡೇ ನಿಂತಿದ್ದರು, ಯಾರೋ ಹಿಡಿದುಕೋ ಎಂದು ಕೊಟ್ಟುಹೋದ ವಸ್ತುವನ್ನು ಹಿಡಿದವರ ಹಾಗೆ.

ಆ ವರ್ಷವೆಲ್ಲ ಶನಿವಾರದ ಪುರಾಣದ ಓದನ್ನು ನಾನು ಮಂದಿರದ ಹೊರಗೆ, ಕಿಟಕಿಯ ಕೆಳಗೆ ನಿಂತು ಕೇಳಿದೆ. ನಮ್ಮ ಮನೆಯಲ್ಲಿ ಯಾರಿಗೂ ಅಕ್ಷರವಿರಲಿಲ್ಲ. ನನಗೆ ಅಕ್ಷರಕ್ಕಿಂತ ಮೊದಲು ಷಟ್ಪದಿ ಬಂತು, ಕಿವಿಯ ದಾರಿಯಿಂದ. ಹೊರಗೆ ನಿಂತರೆ ರಾಗ ಸಿಗುತ್ತದೆ, ಪದ ಒಡೆದು ಸಿಗುವುದಿಲ್ಲ. ಅದರಿಂದ ನನಗೆ ನೋವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ನಿಜವಾದ ಕಷ್ಟ ಬೇರೆ. ಓದುವವರು ಒಂದು ಪದ್ಯ ಮುಗಿಸಿ ಇನ್ನೊಂದಕ್ಕೆ ಉಸಿರು ತೆಗೆದುಕೊಳ್ಳುವ ಆ ಸ್ವಲ್ಪ ಹೊತ್ತಿನಲ್ಲಿ ನನಗೆ ಬಲೆಯೊಳಗಿನ ಆ ದನಿ ಕೇಳುತ್ತಿತ್ತು. ನಾನು ಹೇಳಿದ ಮಾತಿನ ಮೇಲೆ ಬಲೆ ಬಿಚ್ಚಿದ್ದರು. ನನ್ನ ಮಾತು ಇರದಿದ್ದರೆ ಆ ಪ್ರಾಣಿ ಅವತ್ತು ಆ ರೀತಿ ಸಾಯುತ್ತಿರಲಿಲ್ಲ.

ಹೋದ ಶ್ರಾವಣದಲ್ಲಿ ಅರಳಿಕಟ್ಟೆಯಲ್ಲಿ ಹಿರಿಯರು ಸೇರಿ ಒಂದು ತೀರ್ಮಾನ ಹೇಳಿದರು. ಒಂದೇ ಏಟಿಗೆ ಮುಗಿಸುವ ಆಯುಧ ತೋರಿಸಿ, ಹೊಣೆ ನಿಲ್ಲಿಸಿಕೊಂಡರೆ ಯಜಮಾನಿಕೆ ಚಿಕ್ಕಮುನಿಯಪ್ಪನದೇ. ಇಲ್ಲವಾದರೆ ಗಂಗಹನುಮಯ್ಯನ ಮನೆಗೆ. ಒಮ್ಮೆ ಮನೆ ದಾಟಿದ್ದು ಹಿಂದಕ್ಕೆ ಬರುವುದಿಲ್ಲ. ಗಂಗಹನುಮಯ್ಯ ನಕ್ಕು, ನಮ್ಮಣ್ಣ ಇನ್ನೊಂದ್ಸಲ ಬಲೆ ಮುಂದೆ ನಿಂತ್ರೆ ಜಿಂಕೆ ಬೇಜಾರಾಗಿ ತಾನೇ ಪ್ರಾಣ ಬಿಡ್ತದೆ ಅಂದ. ಕಟ್ಟೆಯ ಮೇಲಿದ್ದವರು ನಕ್ಕರು. ಭಾವನೂ ನಕ್ಕರು.

ಆ ಹೊತ್ತಿಗೆ ರಾಜಾಜಿನಗರದ ಸೈಟುಗಳು ನಮ್ಮೂರಿನ ಮೂರು ಕಡೆಗೂ ಬಂದು ನಿಂತಿದ್ದವು. ಭಾವನ ಎರಡೂವರೆ ಎಕರೆ ರಾಗಿ ಹೊಲದಲ್ಲಿ ನಂಬರು ಕೆತ್ತಿದ ಕಲ್ಲುಗಳು. ನಾನು ಅಲ್ಲೇ ಹತ್ತಿರದ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತನಾಗಿದ್ದೆ. ಭಾವನಿಗೆ ಕೈ ನೋಡಿ ಯಾರೂ ಕೆಲಸ ಕೊಡಲಿಲ್ಲ. ಹೊಲ ಹೋದ ಮೇಲೆ ಊರು ಅವರನ್ನು ಕೇಳಿ ಮಾಡುತ್ತಿದ್ದ ಕೆಲಸವೆಂದರೆ ಬೇಟೆಯೊಂದೇ. ಬಲೆ ಎಂದು ತೆಗೆಯುವುದು, ಯಾವ ಹಳ್ಳಕ್ಕೆ ಕಟ್ಟುವುದು, ಯಾರು ಸೋವುವುದು, ಇದನ್ನೆಲ್ಲ ಕೇಳಿಕೊಂಡು ಜನ ಅವರ ಜಗಲಿಗೆ ಬರುತ್ತಿದ್ದರು. ಬೇಟೆಗೆ ಮುಂಚಿನ ಆ ಎರಡು ವಾರ ಅವರ ಗಂಟಲೇ ಬೇರೆಯಾಗುತ್ತಿತ್ತು.

ರಿವಾಲ್ವರಿನ ಯೋಚನೆ ಅವರದೇ. ಒಬ್ಬ ಪೊಲೀಸ್ ಅಧಿಕಾರಿಯ ಸೊಂಟದಲ್ಲಿ ಅದನ್ನು ನೋಡಿ, ಇದು ಒಂದು ಕೈಯ ಆಯುಧ ಕಣೋ ಅಂದಿದ್ದರು. ಅರ್ಜಿ ಬರೆದವನು ನಾನು. ಪೊಲೀಸರು ಬಂದು ವಿಚಾರಿಸಿಕೊಂಡು ಹೋಗಿ, ಕಚೇರಿಗೆ ನಾಲ್ಕು ಸಲ ಅಲೆದಾಡಿ, ಶಿವರಾತ್ರಿ ಕಳೆದ ಮೇಲೆ ಲೈಸೆನ್ಸ್ ಬಂತು. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಒಂದು ಕೈ ತಿಂದಾಯ್ತು, ಇನ್ನೊಂದಕ್ಕೂ ಎಲೆ ಹಾಕ್ತಾವ್ರೆ” ಅಂದಳು. ಆದರೂ ಭಾವ ಎತ್ತು ಮಾರಿದ ದುಡ್ಡಿನಲ್ಲಿ ಮಿಕ್ಕಿದ್ದ ಇನ್ನೂರು ರೂಪಾಯಿಯನ್ನು ಡಬ್ಬಿಯಿಂದ ತೆಗೆದುಕೊಟ್ಟವಳೂ ಅವಳೇ.

ಒಂದು ಭಾನುವಾರ ಬೆಳಗ್ಗೆ ಭಾವನೂ ನಾನೂ ಕೆಂಗೇರಿಗೆ ಹೋದೆವು. ಅಲ್ಲಿನ ಪುಟ್ಟಾಚಾರಿ ಯುದ್ಧದ ಕಾಲದಲ್ಲಿ ದಂಡಿನ ಆಯುಧಗಳನ್ನು ರಿಪೇರಿ ಮಾಡಿದ್ದವರು. ಈಗ ಸರ್ಕಾರದ ಅನುಮತಿ ಇಟ್ಟುಕೊಂಡು, ಪೇಟೆ ಬೀದಿಯ ಹೆಂಚಿನ ಮನೆಯಲ್ಲಿ ಹಳೆಯ ಕೋವಿ ಸರಿಮಾಡಿ ಮಾರುತ್ತಿದ್ದರು. ಲೈಸೆನ್ಸನ್ನು ಎರಡು ಸಲ ಓದಿ, ಯಾವುದಕ್ಕೆ ಎಂದು ಕೇಳಿದರು. ಭಾವ ಜಿಂಕೆಗೆ ಎಂದರು.

ಪುಟ್ಟಾಚಾರಿ ಕನ್ನಡಕದ ಮೇಲಿಂದ ನೋಡಿದರು. “ರಿವಾಲ್ವರಲ್ಲಿ ಜಿಂಕೆ ಹೊಡೆಯೋದು ಅಂದ್ರೆ ಕೊಡೆ ಕಡ್ಡೀಲಿ ತೆಂಗಿನಕಾಯಿ ಕೆಡವಿದಂಗೆ ಯಜಮಾನ್ರೆ. ನೀವು ಬೆರಳಲ್ಲಿ ಅದರ ಕುದುರೆ ಎಳೆಯೋ ಹೊತ್ಗೆ ಅದು ಮಾಗಡೀಲಿರ್ತದೆ.”

ಭಾವ ಬಲೆಯ ವಿಷಯ ಹೇಳಿದರು. ಎರಡು ಮಾರು, ಒಂದು ಏಟು, ಹೊಣೆ, ಎಲ್ಲವನ್ನೂ. ಕೇಳುತ್ತ ಕೇಳುತ್ತ ಪುಟ್ಟಾಚಾರಿಯವರ ನಗು ಇಳಿಯಿತು. ಎದ್ದು ಹೋಗಿ ಒಳಗಿನಿಂದ ಮೂರು ರಿವಾಲ್ವರ್ ತಂದು, ಎಣ್ಣೆ ಜಿಡ್ಡಿನ ಗೋಣಿಯ ಮೇಲೆ ಸಾಲಾಗಿ ಇಟ್ಟರು.

ಮೊದಲನೆಯದು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೆಲೆಯೂ ಕಡಿಮೆ. ಭಾವನ ಕೈ ಅದರ ಕಡೆಗೇ ಹೋಯಿತು. ಪುಟ್ಟಾಚಾರಿ ಬೇಡವೆಂದರು: ಇದರ ಗುಂಡು ಜಿಂಕೆಯ ಚರ್ಮ ದಾಟುತ್ತದೆ, ಮೂಳೆಗೆ ಸಿಕ್ಕರೆ ನಿಲ್ಲುತ್ತದೆ, ಪ್ರಾಣಿ ಸಾಯುವುದಕ್ಕೆ ಸಾಯಂಕಾಲವಾದೀತು. ಎರಡನೆಯದು ದಂಡಿನ ದೊಡ್ಡದು. ಅದರ ಗುಂಡಿಗೆ ಎತ್ತು ಕೂಡ ಬೀಳುತ್ತದೆ, ಆದರೆ ಬೆಲೆ ನಮ್ಮ ಕೈಗೆ ಮೀರಿದ್ದು. ತೋಟಾ ಸಿಗುವುದೂ ಕಷ್ಟ. ಒಂದೇ ಕೈಯಲ್ಲಿ ಹಿಡಿದರೆ ಒದೆತಕ್ಕೆ ಮಣಿಕಟ್ಟು ಹಣೆಗೆ ಬರುತ್ತದೆ. ಮೂರನೆಯದು ಮಧ್ಯದ ಅಳತೆಯದು, ಮೈಯೆಲ್ಲ ಬಣ್ಣ ಹೋಗಿ ಬೂದು ತಿರುಗಿತ್ತು, ಹಿಡಿಕೆಯ ಮರದಲ್ಲಿ ಒಂದು ಸೀಳು. ನೂರ ಎಂಬತ್ತು ಅಂದರು. ಎರಡು ಮಾರು ದೂರಕ್ಕೆ, ಕಿವಿಯ ಹಿಂದಕ್ಕೆ ಇಟ್ಟರೆ, ಇದು ಸಾಕು.

“ಇದಾ? ನೋಡಕ್ಕೆ ನಮ್ಮೂರ ಕೊಟ್ಟಿಗೆ ಅಗುಳಿ ಇದ್ದಂಗೈತೆ,” ಅಂದರು ಭಾವ.

“ಅಗುಳಿ ಅಂದ್ರಲ್ಲ, ಅದೇ ಸರಿ. ಮೈ ನೋಡಬೇಡಿ. ಬೀಗ ನೋಡಿ.”

ಅವರು ನೋಡುವ ಬಗೆಯನ್ನು ತೋರಿಸಿಕೊಟ್ಟರು. ನಳಿಗೆಯ ಹಿಂದೆ ಉಗುರಿನಷ್ಟು ಬಿಳಿ ಕಾಗದ ಹಿಡಿದು ಮುಂದಿನಿಂದ ಕಣ್ಣಿಟ್ಟರೆ ಒಳಗಿನ ಸುರುಳಿ ಗೆರೆ ಬೆಳಕಿಗೆ ಬರುತ್ತದೆ. ಅಲ್ಲಿ ಗುಳಿ ಬಿದ್ದಿರಬಾರದು. ತೋಟಾ ತುಂಬುವ ಚಕ್ರ ತಿರುಗಿ ನಿಂತಾಗ ಬೆರಳಲ್ಲಿ ಅಲುಗಾಡಿಸಿದರೆ ಮಗುವಿನ ಹಾಲುಹಲ್ಲಿನ ಹಾಗೆ ಆಡಬಾರದು. ಹತ್ತು ಸಲ ಎಳೆದರೆ ಹತ್ತನೆಯದು ಮೊದಲನೆಯದರ ಹಾಗೇ ಇರಬೇಕು. ಚಿಕ್ಕದರಲ್ಲಿ ಚಕ್ರ ಆಡಿತು. ಬೂದು ಬಣ್ಣದ್ದು ಆಡಲಿಲ್ಲ. ಭಾವ ಕಾಗದ ಹಿಡಿದು ಬಹಳ ಹೊತ್ತು ನಳಿಗೆಯೊಳಗೆ ನೋಡಿದರು. ನನಗೂ ತೋರಿಸಿದರು. ಬೆಳಕು ಒಳಗೆ ಸುತ್ತಿಕೊಂಡು ಹೋಗಿತ್ತು, ಬಹಳ ಚೆಂದವಿತ್ತು, ನನಗೆ ಅದು ಚೆಂದವೆನಿಸಿದ್ದಕ್ಕೆ ಕಸಿವಿಸಿಯಾಯಿತು.

ಹಿತ್ತಲಲ್ಲಿ ಮಣ್ಣಿನ ಗೋಡೆಗೆ ಒತ್ತಿಸಿ ಮರಳು ರಾಶಿ ಹಾಕಿದ್ದರು. ಅದರ ಮುಂದೆ ಕೋಲಿನ ಮೇಲೆ ಒಂದು ಒಣ ಸೋರೆಬುರುಡೆ. ಎರಡು ಮಾರು ಅಳೆದು ಗೆರೆ ಎಳೆದರು. ಭಾವ ಬೂದು ಬಣ್ಣದ್ದನ್ನು ಹಿಡಿದು ಹೊಡೆದರು. ಬುರುಡೆಗೆ ಒಂದು ಮೊಳ ಕೆಳಗೆ ಮರಳು ಹಾರಿತು. ಗುರಿ ನೋಡುವ ಮುಳ್ಳು ಸೊಟ್ಟಗಿದೆ ಎಂದರು ಭಾವ. ಪುಟ್ಟಾಚಾರಿ ಅದನ್ನು ತೆಗೆದುಕೊಂಡು, ಮಾತಾಡುತ್ತಲೇ, ಬುರುಡೆಯ ನಡುವೆ ತೂತು ಮಾಡಿದರು. ಮುಳ್ಳಲ್ಲ, ಹಿಡಿಕೆಯ ಸೀಳು ಚುಚ್ಚುತ್ತದೆ ಎಂದರು ಭಾವ. ದೊಡ್ಡದನ್ನು ಕೊಡಿ ಎಂದರು. ದೊಡ್ಡದರಲ್ಲೂ ಮರಳೇ. ಇದು ಭಾರ ಎಂದರು.

ಪುಟ್ಟಾಚಾರಿ ನಮ್ಮ ಕಡೆ ಬೆನ್ನು ಮಾಡಿ ಬೂದು ಬಣ್ಣದ್ದಕ್ಕೆ ತೋಟಾ ತುಂಬಿ, ಹಿಡಿಕೆಗೆ ಬಟ್ಟೆ ಸುತ್ತಿ ಕೊಟ್ಟರು. ಇನ್ನೆರಡು ಏಟು ಹಾಕಿ ನೋಡಿ ಎಂದರು. ಮೊದಲನೆಯದು ಮರಳಿಗೆ ಹೋಯಿತು. ಎರಡನೆಯದು ಬರೀ ಟಕ್ ಎಂದಿತು.

“ನೋಡಿದ್ರಾ,” ಅಂದರು ಭಾವ. ದನಿಯಲ್ಲಿ ಸಿಟ್ಟಿಗಿಂತ ಸಮಾಧಾನವೇ ಹೆಚ್ಚಿತ್ತು. “ಹುಸಿ ಹೋಯ್ತು. ಇದನ್ನ ನಂಬಿ ಬಲೆ ಮುಂದೆ ನಿಂತಿದ್ರೆ ನನ್ನ ಗತಿ ಏನಾಗಿರೋದು ಆಚಾರ್ರೆ?”

“ಅದು ಹುಸಿ ಹೋಗಿಲ್ಲ. ಖಾಲಿ ತೋಟಾ ನಾನೇ ಹಾಕಿದ್ದು. ಗುಂಡು ಹಾರಲಿಲ್ಲ, ಒದೆತ ಇಲ್ಲ. ಆದ್ರೂ ನಳಿಗೆ ಎಲ್ಲಿ ನೋಡ್ತಾ ಐತೆ ನೀವೇ ನೋಡ್ಕಳಿ.”

ನಳಿಗೆ ಭಾವನ ಕಾಲಿನ ಮುಂದಿನ ನೆಲ ನೋಡುತ್ತಿತ್ತು. ಬೆವರಿಗೆ ಜಾರಿತು ಎಂದು ಭಾವ ಹೇಳಿದರು. ಕೈ ಎಲ್ಲಿಗೆ ಹೋಯಿತು ಎಂದು ಅವರೇ ನೋಡಿದ್ದರು. ಮುಖವನ್ನು ನೋಡಿದವನು ಪಕ್ಕದಲ್ಲಿದ್ದ ನಾನು. ಬೆರಳು ಬಿಗಿಯುವುದಕ್ಕೂ ಮುಂಚೆಯೇ ಕಣ್ಣು ಎರಡೂ ಮುಚ್ಚಿ, ಮುಖ ಎಡಕ್ಕೆ, ರಿವಾಲ್ವರ್ ಹಿಡಿದ ಬಲಗೈಯಿಂದ ದೂರಕ್ಕೆ ಹೊರಳಿತ್ತು. ಕೋವಿ ಸಿಡಿದದ್ದು ಬಲಗಡೆ ಅಲ್ಲ, ಎಡಗಡೆ. ಆದರೆ ಕಣ್ಣಿಗೆ ಆ ಲೆಕ್ಕ ಇರಲಿಲ್ಲ.

ಭಾವ ಕೈತೊಳೆಯಲು ಬಾವಿಯ ಕಡೆ ಹೋದಾಗ ಪುಟ್ಟಾಚಾರಿ ನನ್ನ ಕೈಗೆ ಒಂದು ಬಟ್ಟೆಗಂಟು ಕೊಟ್ಟರು. ಅದರಲ್ಲಿ ಖಾಲಿ ತೋಟಾಗಳಿದ್ದವು. ಒಮ್ಮೆ ಕೋವಿ ಸಿಡಿದವರನ್ನು ದಂಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ, ಕೆಲವರಿಗೆ ಈ ಅಂಜಿಕೆ ಹೋಗುತ್ತದೆ, ಕೆಲವರಿಗೆ ಹೋಗುವುದಿಲ್ಲ ಅಂದರು. ಖಾಲಿಯನ್ನೂ ತುಂಬಿದ್ದನ್ನೂ ಬೆರೆಸಿ, ಅವರಿಗೆ ಗೊತ್ತಾಗದ ಹಾಗೆ ಹಾಕಿಕೊಡು, ಖಾಲಿಯದಕ್ಕೆ ಕೈ ಅಲುಗದ ದಿನ ಕೈ ನೆಟ್ಟಗಾಯಿತು ಎಂದುಕೋ. ಹಾಗಾದರೆ ಈಗ ಯಾಕೆ ಮಾರುತ್ತೀರಿ ಎಂದು ಕೇಳಿದೆ.

“ರಿವಾಲ್ವರಿಗೆ ನಾನು ಹೊಣೆ ಕಣಪ್ಪ,” ಅಂದರು. “ಕೈಗೆ ಹೊಣೆ ನಿಲ್ಲೋನು ನೀನು ತಾನೆ?”

ಭಾವ ಬೂದು ಬಣ್ಣದ್ದನ್ನೇ ತೆಗೆದುಕೊಂಡರು, ಹನ್ನೆರಡು ತೋಟಾದ ಜೊತೆ. ಬಸ್ಸಿನಲ್ಲಿ ಅದನ್ನು ಚೀಲದಲ್ಲಿ, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಹೆಣ್ಣು ನೋಡಿ ಒಪ್ಪಿಬಂದವರ ಹಾಗೆ ಮಾತಾಡಿದರು. ಮಾರನೆಯ ದಿನದ ಹೊತ್ತಿಗೆ ಊರಿಗೆಲ್ಲ ಸುದ್ದಿಯಾಗಿತ್ತು. ಗಂಗಹನುಮಯ್ಯನೂ ಜಗಲಿಗೆ ಬಂದು ನೋಡಿ, ಇದರಲ್ಲಿ ಬೀಡಿ ಹಚ್ಚಬಹುದಾ ಅಣ್ಣ ಎಂದು ಕೇಳಿದ. ಆದರೆ ಅವನೂ ಅದನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಕೊಟ್ಟ. ಯಾವ ಹಳ್ಳಕ್ಕೆ ಬಲೆ ಎಂದು ಕೇಳಿಕೊಂಡು ಜನ ಬರತೊಡಗಿದರು.

ನಾನು ಕಂಡದ್ದನ್ನು ಅಕ್ಕನಿಗೆ ಮಾತ್ರ ಹೇಳಿದೆ. ಬೇಟೆಗೆ ಇನ್ನೂ ಹದಿನೆಂಟು ದಿನ ಐತಲ್ಲೋ ಅಂದಳು.

ಅವತ್ತಿನಿಂದ ದಿನವೂ ಭಾವ ಸಾಧನೆ ಮಾಡಿದರು. ಹಿತ್ತಲಲ್ಲಿ ಬಲೆ ಇಳಿಬಿಟ್ಟು, ಅದರ ಹಿಂದೆ ಹುಲ್ಲು ತುಂಬಿದ ಗೋಣಿ ನಿಲ್ಲಿಸಿ, ಗೋಣಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ತೋಟಾ ಹಾಕದ ಬರೀ ರಿವಾಲ್ವರನ್ನು ಎತ್ತಿ ಎತ್ತಿ ಕುದುರೆ ಎಳೆಯುತ್ತಿದ್ದರು. ಕಾರ್ಖಾನೆಯಿಂದ ಬಂದವನು ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ಕಣ್ಣು ತೆರೆದೇ ಇರುತ್ತಿತ್ತು. ನಳಿಗೆ ಗುರುತಿನಿಂದ ಕದಲುತ್ತಿರಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದಳು. ನನಗೂ ಆಸೆ ಹುಟ್ಟಿತು. ಕಿಟಕಿಯ ಕೆಳಗೆ ನಿಂತು ಓದು ಕೇಳುವಾಗ, ಸ್ವಾಮಿ, ಆ ಎರಡು ಕಣ್ಣನ್ನು ತೆರೆದೇ ಇಡು ಎಂದು ಬೇಡಿಕೊಂಡೆ. ನನಗೋಸ್ಕರ ಬೇಡಿದೆನೋ, ಅವರಿಗೋಸ್ಕರವೋ, ಬಲೆಗೆ ಬೀಳಲಿರುವ ಆ ಪ್ರಾಣಿಗೋಸ್ಕರವೋ, ಬೇರೆ ಮಾಡಿ ಹೇಳಲಾರೆ.

ಯುಗಾದಿಗೆ ಒಂದು ದಿನ ಇರುವಾಗ ಬೆಳಗ್ಗೆ ಭಾವ ನನ್ನ ಮನೆ ಬಾಗಿಲಿಗೆ ಬಂದರು. ಆಚಾರಿ ನಿನಗೆ ಕೊಟ್ಟ ಗಂಟು ತಗೊಂಡು ಬಾ ಅಂದರು. ಅವರಿಗೆ ಅದು ಮೊದಲಿಂದಲೂ ಗೊತ್ತಿತ್ತಂತೆ. ಕುರುಬರಹಳ್ಳಿ ಕಡೆಯ ಹ‍ಳೆಯ ಕಲ್ಲುಗಣಿಗೆ ಹೋದೆವು. ಕೆಲಸ ನಿಂತುಹೋಗಿದ್ದ ಗಣಿ, ಸುತ್ತ ಕಲ್ಲಿನ ಗೋಡೆ, ತಳದಲ್ಲಿ ಪಾಚಿಗಟ್ಟಿದ ನೀರು. ಗೋಣಿಯನ್ನು ಅವರೇ ಹೊತ್ತು ತಂದು ಮಣ್ಣಿನ ದಿಬ್ಬಕ್ಕೆ ಒರಗಿಸಿದರು. ಎರಡು ಮಾರು ಅವರೇ ಅಳೆದರು. ರಿವಾಲ್ವರನ್ನು ನನ್ನ ಕೈಗೆ ಕೊಟ್ಟು, ಮೂರು ತುಂಬಿದ್ದು, ಮೂರು ಖಾಲಿ, ನಿನ್ನಿಷ್ಟ ಬಂದಂಗೆ ಹಾಕು ಅಂದು, ನೀರಿನ ಕಡೆ ತಿರುಗಿ ನಿಂತರು.

ಆ ಚಕ್ರದಲ್ಲಿ ಆರು ಕುಳಿ. ಮೊದಲು ಯಾವುದನ್ನು ಹಾಕಲಿ ಎಂದು ನನ್ನ ಬೆರಳು ತಡೆಯಿತು. ಮೊದಲ ಮೂರನ್ನೂ ಖಾಲಿ ಹಾಕಿದರೆ ಅವರಿಗೆ ಗೊತ್ತಾಗಿಬಿಡುತ್ತದೆ, ಧೈರ್ಯ ಬರುತ್ತದೆ, ಕಣ್ಣು ತೆರೆದಿರುತ್ತದೆ. ನಾನು ನೋಡಿದ್ದೇನೆ ಎಂದು ಹೇಳಬಹುದು. ಹಾಗೆ ಮಾಡಬಹುದಿತ್ತು. ಮಾಡಲಿಲ್ಲ. ಒಂದು ಖಾಲಿ, ಒಂದು ತುಂಬಿದ್ದು, ಎರಡು ಖಾಲಿ, ಎರಡು ತುಂಬಿದ್ದು, ಹೀಗೆ ಹಾಕಿ ಮುಚ್ಚಿಕೊಟ್ಟು, ಪಕ್ಕಕ್ಕೆ ಬಂದು ನಿಂತೆ.

ಭಾವ ಎತ್ತಿದರು. ಕೈ ಗಟ್ಟಿಯಾಗಿತ್ತು. ಕಣ್ಣು ಗುರುತಿನ ಮೇಲಿತ್ತು. ಬೆರಳು ಎಳೆಯುವುದಕ್ಕೆ ಶುರುವಾದದ್ದೇ ಮುಖ ಹೊರಳಿ ಕಣ್ಣು ಮುಚ್ಚಿತು, ಟಕ್. ನಳಿಗೆ ನೆಲ ನೋಡುತ್ತಿತ್ತು. ಅವರು ಅದನ್ನು ಗಮನಿಸದವರ ಹಾಗೆ ಮತ್ತೆ ಎತ್ತಿದರು. ಎರಡನೆಯದು ಹಾರಿ ದಿಬ್ಬದ ಬುಡದ ಕಲ್ಲಿಗೆ ಬಡಿಯಿತು. ಸದ್ದು ಗಣಿಯ ಗೋಡೆಗೆ ಹೊಡೆದು ಹೊಡೆದು ಬಂತು. ಮೂರು, ನಾಲ್ಕು. ಐದು. ಆರನೆಯದಕ್ಕೆ ಗೋಣಿಯ ಕೆಳತುದಿಯ ಹತ್ತಿರ ಸ್ವಲ್ಪ ಹುಲ್ಲು ಹಾರಿತು. ಸೀಮೆಸುಣ್ಣದ ಗುರುತು ಹಾಕಿದ ಹಾಗೆಯೇ ಇತ್ತು.

ಅವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಕೇಳುವ ಹೆದರಿಕೆ ಇರಲಿಲ್ಲ.

“ಗುರಿ ತಪ್ತು ಬಿಡು, ಅದು ಬೇರೆ. ಕಣ್ಣು ಬಿಟ್ಟಿದ್ದೆ ಅಲ್ವಾ?”

“ಇಲ್ಲ ಭಾವ. ಮುಚ್ಚಿದ್ರಿ.”

“ಒಂದ್ಸಲ ಮುಚ್ಚಿರ್ಬೋದು.”

“ಆರು ಸಲಾನೂ.”

“ಇಲ್ಲ ಕಣೋ. ಗೋಣಿ ಕಾಣ್ತಾನೇ ಇತ್ತು ನಂಗೆ. ಗುರುತು ಕಾಣ್ತಾ ಇತ್ತು.”

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಸುಳ್ಳಾಗಿದ್ದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಮುಚ್ಚಿದ ರೆಪ್ಪೆಯ ಹಿಂದೆ ಅವರಿಗೆ ಗೋಣಿ ನಿಜವಾಗಿ ಕಾಣುತ್ತಿತ್ತು. ಹೋದ ವರ್ಷ ಈಟಿ ಹಿಡಿದಾಗಲೂ ಹಾಗೇ ಕಂಡಿರಬೇಕು. ಬಲೆಯ ಮುಂದೆ ನಿಂತಾಗಲೂ ಜಿಂಕೆ ಹಾಗೇ ಕಾಣುತ್ತದೆ, ಇಟ್ಟಲ್ಲಿ ಇರುತ್ತದೆ, ಅಲುಗುವುದಿಲ್ಲ.

ನನಗೆ ತೋಚಿದ್ದನ್ನು ಹೇಳಿದೆ. ಈ ವರ್ಷ ಬಲೆ ತೆಗೆಯುವುದು ಬೇಡ ಎಂದು ಯಜಮಾನರಾಗಿ ನೀವೇ ಹೇಳಿಬಿಡಿ, ಊರು ಗೊಣಗಿಕೊಂಡಾದರೂ ಕೇಳುತ್ತದೆ. ಇಲ್ಲವಾದರೆ ನೀವೇ ಬಾಯಿಬಿಟ್ಟು ಗಂಗಹನುಮಯ್ಯನಿಗೆ ಕೊಡಿ, ಕಿತ್ತುಕೊಂಡರು ಅನ್ನಿಸಿಕೊಳ್ಳುವುದಕ್ಕಿಂತ ಕೊಟ್ಟರು ಅನ್ನಿಸಿಕೊಳ್ಳುವುದು ಮೇಲು. ಭಾವ ಪೂರ್ತಿ ಕೇಳಿಸಿಕೊಂಡರು. ಖಾಲಿಯಾದ ತೋಟಾಗಳನ್ನು ಒಂದೊಂದಾಗಿ ಹೊರಗೆ ತಟ್ಟಿ, ಬಗ್ಗಿ ಆರಿಸಿ, ಜೇಬಿಗೆ ಹಾಕಿಕೊಂಡರು. ಆಮೇಲೆ, ಗೋಣಿಗಿಂತ ಜಿಂಕೆ ದೊಡ್ಡದು ಕಣೋ ಅಂದು ನಗಲು ನೋಡಿದರು.

ನಾನು ನಗಲಿಲ್ಲ.

ಅವರು ಒಂದು ಬಂಡೆಯ ಮೇಲೆ ಕೂತರು. ಅಕ್ಕನ ಮದುವೆಯಾದಾಗ ನನಗೆ ಐದು ವರ್ಷ ಎಂದು ನೆನಪು ಮಾಡಿದರು. ಅಪ್ಪ ತೀರಿಕೊಂಡಿದ್ದರು. ಸಂಜೆಯಾದರೆ ಮಂದಿರದ ಓದಿಗೆ ಹೋಗಬೇಕೆಂದು ನಾನು ಅಳುತ್ತಿದ್ದೆ. ದಾರಿಯಲ್ಲಿ ಮುಳ್ಳು. ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದವರು ಅವರು. ಅವರಿಗೆ ಪದ್ಯದಲ್ಲಿ ಆಸಕ್ತಿ ಇರಲಿಲ್ಲ. ಕಂಬಕ್ಕೊರಗಿ ನಿದ್ದೆ ಮಾಡಿ, ಮಂಗಳಾರತಿ ಆದ ಮೇಲೆ ನನ್ನನ್ನು ಮತ್ತೆ ಹೊತ್ತು ತರುತ್ತಿದ್ದರು. ಇದನ್ನೆಲ್ಲ ಅವರು ಲೆಕ್ಕ ಕೇಳುವವರ ಹಾಗೆ ಹೇಳಲಿಲ್ಲ. ನೆಲ ನೋಡುತ್ತ ಹೇಳಿದರು.

“ನೀನು ಒಂದು ವರ್ಷ ಹೊರಗೆ ನಿಂತಿದ್ದು ನಂಗೆ ಗೊತ್ತಿಲ್ವಾ? ಈ ಸಲ ತಪ್ಪಿದ್ರೆ ನಿನ್ನ ಬದ್ಲು ನಾನೇ ಹೊರಗಿರ್ತೀನಿ. ಬದುಕಿರೋವರ್ಗೂ ಇರ್ತೀನಿ. ಹಿರೀಕರ ಕೈಲಿ ಒಪ್ಪಿಸ್ತೀನಿ ಬೇಕಾದ್ರೆ.”

“ಹೊರಗೆ ನಿಲ್ಲೋದು ಕಷ್ಟ ಅಲ್ಲ ಭಾವ,” ಅಂದೆ. ಜಿಂಕೆಯ ಆ ದನಿ ಅವರಿಗೂ ಕೇಳಿಸಿತ್ತೋ ಇಲ್ಲವೋ ನಾನು ಯಾವತ್ತೂ ಕೇಳಿರಲಿಲ್ಲ. ಆಗಲೂ ಕೇಳಲಿಲ್ಲ.

ಭಾವ ಎದ್ದರು. ರಿವಾಲ್ವರನ್ನು ಬಂಡೆಯ ಮೇಲೆ ಇಟ್ಟು, ಬಲಗೈಯನ್ನು ಪಂಚೆಗೆ ಒರಸಿಕೊಂಡು, ನನ್ನ ಮುಂದೆ ಚಾಚಿದರು. ಒದೆತಕ್ಕೆ ಹೆಬ್ಬೆರಳ ಬುಡ ಕೆಂಪಾಗಿತ್ತು. ಇಷ್ಟು ವರ್ಷದಲ್ಲಿ ಆ ಕೈಯ ಕೆಳಗೆ ಏಳು ಸಲ ನನ್ನ ಕೈ ಕೊಟ್ಟಿದ್ದೆ, ಅದರ ತೂಕ ನನಗೆ ಗೊತ್ತು.

“ಇಲ್ಲಿ ಯಾರೂ ಇಲ್ಲ,” ಅಂದರು. “ನಾನು ಹೊಣೆ ಅಂತ ಒಂದ್ಸಲ ಅಂದ್ಬಿಡು, ನಂಗೆ ಧೈರ್ಯ ಬರ್ಲಿ. ನಾಳಿದ್ದು ಪೂಜಾರಿ ಕೇಳ್ದಾಗ ಇನ್ನೊಂದ್ಸಲ ಅನ್ನು. ಎರಡು ಮಾತು ಕಣೋ ನಾಗರಾಜು. ಎರಡೇ ಮಾತು.”

ನನ್ನ ಕೈ ತಾನಾಗಿಯೇ ಅರ್ಧದವರೆಗೆ ಮೇಲೆ ಬಂದಿತ್ತು. ನಾನು ಅದನ್ನು ಕೆಳಗೆ ಇಳಿಸಿದೆ.

“ಅನ್ನಲ್ಲ ಭಾವ. ಇಲ್ಲೂ ಅನ್ನಲ್ಲ, ಅಲ್ಲೂ ಅನ್ನಲ್ಲ.”